ಹತ್ತು ತಿಂಗಳ ಮಗುವಿಗೆ ಕೋಳಿ ರಸ: ಹೇಗೆ ಮಾಡಬೇಕು, ಎಷ್ಟು ಕೊಡಬೇಕು

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿದ್ದೇವೆ. ಮಗಳಿಗೆ ಹತ್ತು ತಿಂಗಳು ತುಂಬಿದೆ, ತೂಕ 7.6 ಕೆ.ಜಿ. ಎದೆಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗಿನ ಅನ್ನ-ಬೇಳೆ ತಿನ್ನುತ್ತಾಳೆ. ಮೂಳೆ ಗಟ್ಟಿಯಾಗಬೇಕಾದರೆ ದಿನವೂ ಒಂದು ಲೋಟ ನಾಟಿ ಕೋಳಿ ಸೂಪು ಕುಡಿಸಬೇಕು ಎಂದು ಅತ್ತೆ ಹೇಳುತ್ತಾರೆ. ವಾರಕ್ಕೊಮ್ಮೆ ರಸ ಮಾಡಿ ಐಸ್ ಟ್ರೇಯಲ್ಲಿ ಇಟ್ಟುಕೊಳ್ಳಬಹುದೆಂದು ಗೆಳತಿ ಹೇಳಿದ್ದಾಳೆ. ಇದನ್ನು ಮಾಡುವ ಸರಿಯಾದ ಕ್ರಮ ಯಾವುದು? ಉಪ್ಪು ಹಾಕಬಹುದೇ? ಕುಕ್ಕರಿನಲ್ಲಿ ಮಾಡಬಹುದೇ? ಎಷ್ಟು ದಿನ ಇಡಬಹುದು? ನಮ್ಮಲ್ಲಿ ಕರೆಂಟು ಆಗಾಗ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಸೂಪು ಕ್ಯೂಬು ಆಗುತ್ತದೆಯೇ?

ಉತ್ತರ: ನಿಮ್ಮ ಮಗಳಿಗೆ ಕೋಳಿ ರಸವನ್ನು ಖಂಡಿತ ಕೊಡಬಹುದು. ಆರು ತಿಂಗಳು ತುಂಬಿ ಪೂರಕ ಆಹಾರ ಆರಂಭವಾದ ಯಾವ ಆರೋಗ್ಯವಂತ ಮಗುವಿಗೂ ಕೋಳಿಯ ಮಾಂಸವಾಗಲಿ, ಅದು ಬೆಂದ ನೀರಾಗಲಿ ನಿಷಿದ್ಧವಲ್ಲ. ಆದರೆ ಅದನ್ನು ಲೋಟದಲ್ಲಿ ತುಂಬಿ ಕುಡಿಸುವುದು ಬೇಡ. ಮಗುವಿನ ಸರಿ, ಅನ್ನ, ತರಕಾರಿಗಳನ್ನು ಬೇಯಿಸಿಕೊಳ್ಳುವ ನೀರಿನಂತೆ ಅದನ್ನು ಬಳಸಿ, ರಸ ಬಸಿದ ಮೇಲೆ ಪಾತ್ರೆಯಲ್ಲಿ ಉಳಿಯುವ ಮಾಂಸವನ್ನು ಮಗುವಿಗೆ ತಿನ್ನಿಸಿ. ನಮ್ಮ ಎಷ್ಟೋ ಮನೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ಸತ್ವವೆಲ್ಲ ರಸಕ್ಕೆ ಇಳಿದಿದೆ ಎಂದು ತಿಳಿದು ಮಗುವಿಗೆ ನೀರನ್ನು ಕೊಟ್ಟು, ಮಾಂಸವನ್ನು ದೊಡ್ಡವರು ತಿನ್ನುತ್ತಾರೆ. ಪ್ರೀತಿಯಿಂದಲೇ ನಡೆಯುವ ಈ ಪದ್ಧತಿಯಲ್ಲಿ ಮಗುವಿಗೆ ಆಗುವ ನಷ್ಟವನ್ನು ಮೊದಲು ವಿವರಿಸುತ್ತೇನೆ, ಏಕೆಂದರೆ ರಸ ಮಾಡುವ ವಿಧಾನವೂ ಅದನ್ನು ಅನುಸರಿಸಿಯೇ ಇರಬೇಕಾಗುತ್ತದೆ.

ಹತ್ತು ತಿಂಗಳ ಮಗುವಿನ ಹೊಟ್ಟೆ ಬಹಳ ಚಿಕ್ಕದು. ಒಂದು ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಎಂದು ಲೆಕ್ಕ ಹಾಕಿದರೆ ನಿಮ್ಮ ಮಗಳ ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಹಿಡಿಯುವುದು ಹೆಚ್ಚೆಂದರೆ 230 ಮಿ.ಲೀ. ನಮ್ಮ ಮನೆಗಳ ಸಾಧಾರಣ ಲೋಟ 200 ಮಿ.ಲೀ. ಹಿಡಿಯುತ್ತದೆ. ಅಂದರೆ ಒಂದು ಲೋಟ ಸೂಪು ಕುಡಿದ ಮಗುವಿನ ಹೊಟ್ಟೆಯಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ತೆಳ್ಳನೆಯ ಕೋಳಿ ರಸದಲ್ಲಿ 100 ಮಿ.ಲೀ.ಗೆ 10ರಿಂದ 15 ಕ್ಯಾಲೊರಿ ಸಿಗಬಹುದು, ಚೆನ್ನಾಗಿ ಕಾಯಿಸಿ ಗಟ್ಟಿ ಮಾಡಿದ ರಸದಲ್ಲಿಯೂ ಅದು 40ನ್ನು ದಾಟುವುದು ಅಪರೂಪ. ಎದೆಹಾಲಿನಲ್ಲಿ ಅಷ್ಟೇ ಪ್ರಮಾಣಕ್ಕೆ 65ರಿಂದ 70 ಕ್ಯಾಲೊರಿ ಇರುತ್ತದೆ. ಎದೆಹಾಲು ಕುಡಿಯುವ 9ರಿಂದ 11 ತಿಂಗಳ ಮಗುವಿಗೆ ಪೂರಕ ಆಹಾರದಿಂದ ದಿನಕ್ಕೆ ಸುಮಾರು 300 ಕ್ಯಾಲೊರಿ ಬೇಕಾಗಿರುವಾಗ, ಅದರ ಪುಟ್ಟ ಹೊಟ್ಟೆಯನ್ನು ಎದೆಹಾಲಿಗಿಂತಲೂ ತೆಳ್ಳಗಿನ ಪದಾರ್ಥದಿಂದ ತುಂಬಿಸಿದರೆ ತೂಕ ಏರುವುದಾದರೂ ಹೇಗೆ? ದಿನವೂ ಸೂಪು ಕುಡಿದೂ ಮಗು ಸೊರಗುತ್ತಿದೆ ಎಂದು ಚಿಂತಿಸುವ ತಾಯಂದಿರ ಬಳಿ ಊಟದ ವಿವರ ಕೇಳಿದಾಗ, ಅನೇಕ ಸಲ ಸೂಪಿನಿಂದಲೇ ಊಟ ತಪ್ಪುತ್ತಿರುವುದು ನನಗೆ ಕಂಡುಬಂದಿದೆ.

ಮೂಳೆಯ ವಿಷಯವೂ ಹಾಗೆಯೇ. ಮೂಳೆಯಲ್ಲಿರುವ ಕ್ಯಾಲ್ಸಿಯಂ ರಂಜಕದೊಡನೆ ಸೇರಿ ಕಲ್ಲಿನಂತೆ ಗಟ್ಟಿಯಾಗಿ ಕೂತಿರುತ್ತದೆ, ಬರಿಯ ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಅದು ಅಷ್ಟಾಗಿ ಕರಗುವುದಿಲ್ಲ. ಒಂದು ಲೋಟ ರಸದಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ನಿಮ್ಮ ಮಗಳು ತಿನ್ನುವ ಎರಡು ದೊಡ್ಡ ಚಮಚ ಸರಿ ಹಿಟ್ಟಿನಲ್ಲಿಯೇ ಸುಮಾರು 70 ಮಿ.ಗ್ರಾಂ ಇರುತ್ತದೆ. ಅತ್ತೆಯವರಿಗೆ ಮೊಮ್ಮಗಳ ಮೂಳೆ ಗಟ್ಟಿಯಾಗಬೇಕೆಂಬ ಕಾಳಜಿ ಇದ್ದರೆ, ಅವರೇ ಬೀಸಿಸಿ ಇಟ್ಟಿರಬಹುದಾದ ಮೊಳಕೆ ರಾಗಿಯ ಹಿಟ್ಟು ಆ ಕೆಲಸವನ್ನು ಯಾವ ಸೂಪಿಗಿಂತಲೂ ಚೆನ್ನಾಗಿ ಮಾಡುತ್ತದೆ ಎಂದು ಅವರಿಗೆ ದಯವಿಟ್ಟು ತಿಳಿಸಿ.

ಹಾಗಾದರೆ ರಸದಲ್ಲಿ ಇರುವುದೇನು? ಚರ್ಮ, ಕೀಲು ಮತ್ತು ಮೃದ್ವಸ್ಥಿಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ನಿಧಾನವಾಗಿ ಕಾದಾಗ ಜೆಲಾಟಿನ್ ಆಗಿ ನೀರಿಗೆ ಇಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟ ರಸ ಜೆಲ್ಲಿಯಂತೆ ಗಟ್ಟಿಯಾಗುವುದು ಅದರಿಂದಲೇ. ಪ್ರೋಟೀನು ಹೌದು, ಆದರೆ ಟ್ರಿಪ್ಟೊಫಾನ್ ಎಂಬ ಅತ್ಯಗತ್ಯ ಅಂಶವೇ ಇಲ್ಲದ ಅಪೂರ್ಣ ಪ್ರೋಟೀನು. ಅದನ್ನೇ ನಂಬಿ ಮಗುವನ್ನು ಬೆಳೆಸಲಾಗುವುದಿಲ್ಲ. ಇದರ ಜೊತೆಗೆ ಒಂದಿಷ್ಟು ಕೊಬ್ಬು, ಸ್ವಲ್ಪ ಪೊಟ್ಯಾಶಿಯಂ, ಕೆಲವು ಬಿ ಜೀವಸತ್ವಗಳು ಮತ್ತು ಬಹಳ ಒಳ್ಳೆಯ ರುಚಿ ರಸದಲ್ಲಿರುತ್ತವೆ. ಆ ರುಚಿಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಉಪ್ಪಿಲ್ಲದ ಸಪ್ಪೆ ಅನ್ನಕ್ಕೆ ಬಾಯಿ ಬಿಗಿ ಹಿಡಿಯುವ ಮಗು ಅದೇ ಅನ್ನವನ್ನು ಕೋಳಿ ರಸದಲ್ಲಿ ಬೇಯಿಸಿಕೊಟ್ಟಾಗ ಆಸೆಯಿಂದ ತಿನ್ನುತ್ತದೆ, ಮತ್ತು ಮನೆಯವರೆಲ್ಲ ತಿನ್ನುವ ಊಟದ ಪರಿಮಳ ಅದಕ್ಕೆ ಮೊದಲಿನಿಂದಲೇ ಪರಿಚಯವಾಗುತ್ತದೆ. ರಸ ಮಾಡಲು ಅಷ್ಟು ಕಾರಣ ಸಾಕು.

ಕಬ್ಬಿಣದ ಅಂಶ ಮಾತ್ರ ರಸದಲ್ಲಿ ಹುಡುಕಿದರೂ ಸಿಗದು, ಅದು ಮಾಂಸದಲ್ಲಿಯೇ ಉಳಿಯುತ್ತದೆ. ಹುಟ್ಟುವಾಗ ತಾಯಿಯಿಂದ ಪಡೆದುಬಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅಂದರೆ ಮೂವರಲ್ಲಿ ಇಬ್ಬರಿಗೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿಯು ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಿಗೆ ಮೊಟ್ಟೆ, ಮೀನು ಅಥವಾ ಮಾಂಸವನ್ನು ದಿನವೂ ಕೊಡಬೇಕೆಂದು ಹೇಳುತ್ತದೆ. ಮಾಂಸದಲ್ಲಿರುವ ಕಬ್ಬಿಣವನ್ನು ದೇಹವು ಸೊಪ್ಪು ಮತ್ತು ರಾಗಿಯಲ್ಲಿರುವುದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ, ಅದೂ ಅಲ್ಲದೆ ಜೊತೆಯಲ್ಲಿರುವ ಧಾನ್ಯದ ಕಬ್ಬಿಣವನ್ನು ಹೀರಿಕೊಳ್ಳಲೂ ನೆರವಾಗುತ್ತದೆ. ರಾಗಿ ಸರಿಗೆ ನುಣ್ಣಗೆ ಮಾಡಿದ ಕೋಳಿ ಮಾಂಸ ಸೇರಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಈಗ ಮಾಡುವ ಕ್ರಮಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಕೋಳಿ ಕೊಳ್ಳುವಾಗ ನಿಮ್ಮೆದುರೇ ಕೊಯ್ಯಿಸಿ, ಒಂದೆರಡು ಗಂಟೆಯೊಳಗೆ ಒಲೆಗೆ ಇಡುವಂತೆ ನೋಡಿಕೊಳ್ಳಿ. ಸುಮಾರು 600 ಗ್ರಾಂ ಸಾಕು. ಎರಡು ತೊಡೆ-ಕಾಲು, ಕುತ್ತಿಗೆ, ಬೆನ್ನಿನ ಮೂಳೆ, ರೆಕ್ಕೆ ಇವು ರಸಕ್ಕೆ ಉತ್ತಮ. ಎದೆಯ ಮಾಂಸ ಬೇಗ ಒಣಗಿ ನಾರುನಾರಾಗುತ್ತದೆ, ತೊಡೆಯ ಮಾಂಸದಲ್ಲಿ ಕಬ್ಬಿಣವೂ ಮೃದುತ್ವವೂ ಹೆಚ್ಚು. ತೀರ ಸಣ್ಣ ತುಂಡುಗಳಾಗಿ ಕತ್ತರಿಸಲು ಬಿಡಬೇಡಿ. ಸಣ್ಣ ತುಂಡು ಎಂದರೆ ಕಣ್ಣಿಗೆ ಕಾಣದ ಮೂಳೆ ಚೂರುಗಳು ಹೆಚ್ಚು ಎಂದೇ ಅರ್ಥ, ಮಗುವಿನ ಅಡುಗೆಯಲ್ಲಿ ನಾವು ಎಲ್ಲಕ್ಕಿಂತ ಹೆಚ್ಚಾಗಿ ಹೆದರಬೇಕಾದದ್ದು ಅವುಗಳಿಗೆ. ನಾಟಿ ಕೋಳಿಯನ್ನು ಅರಿಶಿನ ಸವರಿ ಬೆಂಕಿಯಲ್ಲಿ ಸುಟ್ಟಿದ್ದರೆ, ಕಪ್ಪಾದ ಭಾಗವನ್ನು ಚಾಕುವಿನಿಂದ ಪೂರ್ತಿ ಕೆರೆದು ತೆಗೆಯಿರಿ.

ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಸಿ ಕೋಳಿಯ ಮೇಲೆ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಮೊದಲಾದ ಬ್ಯಾಕ್ಟೀರಿಯಾಗಳು ಇರಬಹುದು. ನಲ್ಲಿಯ ಕೆಳಗೆ ಹಿಡಿದು ತೊಳೆದಾಗ ಆ ನೀರು ಸಿಂಕಿನ ಸುತ್ತ, ಪಕ್ಕದ ತಟ್ಟೆ, ಬಟ್ಟಲು, ಮಗುವಿನ ಚಮಚದವರೆಗೂ ಸಿಡಿಯುತ್ತದೆ. ತೊಳೆದರೆ ಅವು ಸಾಯುವುದಿಲ್ಲ, ಬೇಯಿಸಿದಾಗ ಸಾಯುತ್ತವೆ. ನಮ್ಮ ಮನೆಗಳಲ್ಲಿ ತೊಳೆಯದೆ ಬೇಯಿಸಲು ಯಾರ ಮನಸ್ಸೂ ಒಪ್ಪುವುದಿಲ್ಲವೆಂದು ನನಗೆ ಗೊತ್ತಿದೆ. ಆದ್ದರಿಂದ ಅಗಲವಾದ ಪಾತ್ರೆಯಲ್ಲಿ ನೀರು ಹಿಡಿದು, ಮಾಂಸವನ್ನು ಅದರಲ್ಲಿ ಮುಳುಗಿಸಿ ಮೆಲ್ಲಗೆ ಆಡಿಸಿ, ನೀರನ್ನು ಸಿಡಿಯದಂತೆ ಚೆಲ್ಲಿ. ಆಮೇಲೆ ಕೈ, ಸಿಂಕು, ಚಾಕು, ಮಣೆಗಳನ್ನು ಸೋಪಿನಿಂದ ತೊಳೆಯಿರಿ. ತರಕಾರಿಯನ್ನು ಮಾಂಸಕ್ಕಿಂತ ಮೊದಲೇ ಹೆಚ್ಚಿಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ದಪ್ಪ ತಳದ ಸ್ಟೀಲ್ ಪಾತ್ರೆಗೆ ಮಾಂಸ ಹಾಕಿ ಒಂದೂವರೆ ಲೀಟರ್ ತಣ್ಣೀರು ಸುರಿದು, ನಡುವಿನ ಉರಿಯಲ್ಲಿ ಇಡಿ. ಬಿಸಿನೀರಿಗೆ ಹಾಕಬೇಡಿ. ತಣ್ಣೀರಿನಿಂದ ನಿಧಾನವಾಗಿ ಕಾದಾಗ ಮಾಂಸದಿಂದ ಹೊರಬರುವ ಪ್ರೋಟೀನು ಒಟ್ಟುಗೂಡಿ ಬೂದು ಬಣ್ಣದ ನೊರೆಯಾಗಿ ಮೇಲೆ ತೇಲುತ್ತದೆ. ಅದನ್ನು ಹತ್ತು ಹದಿನೈದು ನಿಮಿಷ ಸೌಟಿನಿಂದ ತೆಗೆಯುತ್ತಾ ಬನ್ನಿ. ಅದು ವಿಷವೇನೂ ಅಲ್ಲ, ಬಿಟ್ಟರೆ ರಸ ಕಲಕಲಾಗಿ ಕಹಿ ಬರುತ್ತದೆ ಅಷ್ಟೇ. ನೊರೆ ನಿಂತ ಮೇಲೆ ಒಂದು ಸಣ್ಣ ಕ್ಯಾರೆಟ್, ನಾಲ್ಕು ಸಾಂಬಾರು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ತೆಳುವಾದ ಒಂದು ಬಿಲ್ಲೆ ಶುಂಠಿ, ಚಿಟಿಕೆ ಅರಿಶಿನ ಹಾಕಿ. ಅರ್ಧ ಚಮಚ ಜೀರಿಗೆಯನ್ನೂ ನಾಲ್ಕು ಕಾಳು ಮೆಣಸನ್ನೂ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಇಳಿಬಿಡಿ. ಇಡಿ ಮೆಣಸು ಮಗುವಿನ ಗಂಟಲಿಗೆ ಹೋಗಬಾರದು. ಹಸಿಮೆಣಸಿನಕಾಯಿ, ಖಾರದ ಪುಡಿ, ಕಾಯಿ ಮಸಾಲೆ ಇವು ಯಾವುದೂ ಬೇಡ.

ಇಲ್ಲಿಂದ ಮುಂದೆ ಉರಿ ಸಣ್ಣದಾಗಿರಬೇಕು. ರಸ ಕೊತಕೊತ ಕುದಿಯಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟಿದ್ದರೆ ಸಾಕು, ಏಕೆಂದರೆ ಜೋರಾಗಿ ಕುದಿಸಿದರೆ ಕೊಬ್ಬು ಒಡೆದು ನೀರಿನಲ್ಲಿ ಬೆರೆತು ರಸ ಬೆಳ್ಳಗೆ ಜಿಡ್ಡಾಗುತ್ತದೆ, ಮಾಂಸವೂ ಬಿಗಿಯುತ್ತದೆ. ಫಾರಂ ಕೋಳಿಯಾದರೆ ಮೂವತ್ತೈದು ನಿಮಿಷಕ್ಕೆ ಮಾಂಸ ಬೆಂದಿರುತ್ತದೆ. ದಪ್ಪ ಭಾಗವನ್ನು ಚುಚ್ಚಿದಾಗ ಕೆಂಪು ನೀರು ಬರಬಾರದು. ಆಗ ಮಾಂಸವನ್ನು ಹೊರತೆಗೆದು ಮೂಳೆಯಿಂದ ಬಿಡಿಸಿಕೊಂಡು, ಮೂಳೆಗಳನ್ನು ಮತ್ತೆ ರಸಕ್ಕೆ ಹಾಕಿ ಇನ್ನೂ ಮುಕ್ಕಾಲು ಗಂಟೆ ಕಾಯಿಸಿ. ಎಲ್ಲವನ್ನೂ ಎರಡು ಗಂಟೆ ಒಟ್ಟಿಗೆ ಬೇಯಿಸಿದರೆ ರಸ ಚೆನ್ನಾಗಿರುತ್ತದೆ, ಆದರೆ ಮಾಂಸ ಮಗು ನುಂಗಲಾರದಷ್ಟು ಒಣಗುತ್ತದೆ, ಮತ್ತು ನಮಗೆ ಮುಖ್ಯವಾದದ್ದು ಆ ಮಾಂಸ. ನಾಟಿ ಕೋಳಿಯ ಮಾಂಸ ಗಟ್ಟಿ, ಅದಕ್ಕೆ ಒಂದೂವರೆ ಗಂಟೆಯಾದರೂ ಬೇಕು.

ಕುಕ್ಕರಿನಲ್ಲಿ ಮಾಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು, ನಾಟಿ ಕೋಳಿಗಂತೂ ಅದೇ ಅನುಕೂಲ. ನೊರೆ ತೆಗೆಯುವವರೆಗೆ ಮುಚ್ಚಳ ಹಾಕದೆ ಕಾಯಿಸಿ, ಆಮೇಲೆ ಮುಚ್ಚಿ, ಫಾರಂ ಕೋಳಿಗೆ ಮೂರು ಕೂಗು, ನಾಟಿ ಕೋಳಿಗೆ ಆರೇಳು ಕೂಗು ಆದ ಮೇಲೆ ಉರಿ ತಗ್ಗಿಸಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ರಸ ಕೊಂಚ ಕಲಕಲಾಗಬಹುದು, ಪೋಷಕಾಂಶಗಳಿಗೆ ಗಮನಿಸುವಂಥ ನಷ್ಟವೇನೂ ಆಗುವುದಿಲ್ಲ. ಆದರೆ ಕುಕ್ಕರಿನಲ್ಲಿ ಬೆಂದ ಮೂಳೆ ಮೆತ್ತಗಾಗಿ ಪುಡಿಯಾಗುತ್ತದೆ, ಆ ಪುಡಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ರಸವನ್ನು ಮೊದಲು ಜರಡಿಯಲ್ಲಿ, ಆಮೇಲೆ ಒದ್ದೆ ಮಾಡಿ ಹಿಂಡಿದ ತೆಳು ಬಿಳಿ ಬಟ್ಟೆಯಲ್ಲಿ, ಹೀಗೆ ಎರಡು ಸಲ ಸೋಸಿ. ಮಾಂಸವನ್ನು ಚಮಚದಿಂದ ಪರೀಕ್ಷಿಸಿದರೆ ಸಾಲದು, ಚೆನ್ನಾಗಿ ತೊಳೆದ ಬೆರಳುಗಳ ನಡುವೆ ಎಳೆಎಳೆಯಾಗಿ ಉಜ್ಜಿ ನೋಡಿ. ಹತ್ತು ನಿಮಿಷ ಹಿಡಿಯುತ್ತದೆ, ಆದರೂ ಈ ಒಂದು ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಡದೆ ನೀವೇ ಮಾಡಿ.

ಉಪ್ಪು ಬೇಡವೇ ಬೇಡ. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ ಎಲ್ಲ ಆಹಾರಗಳಿಂದ ಸೇರಿ ಒಂದು ಗ್ರಾಮಿಗಿಂತ ಕಡಿಮೆ ಉಪ್ಪು, ಒಂದರಿಂದ ಮೂರು ವರ್ಷದವರೆಗೆ ಎರಡು ಗ್ರಾಂ ಮಿತಿಯೆಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹೇಳುತ್ತದೆ. ಒಂದು ಟೀ ಚಮಚ ಉಪ್ಪು ಐದಾರು ಗ್ರಾಂ ತೂಗುತ್ತದೆ. ಎದೆಹಾಲಿನಲ್ಲಿಯೂ ಕೋಳಿ ಮಾಂಸದಲ್ಲಿಯೂ ಸಹಜವಾಗಿ ಇರುವ ಸೋಡಿಯಂ ಮಗುವಿಗೆ ಸಾಕಾಗುತ್ತದೆ, ಹೆಚ್ಚಿನದನ್ನು ಹೊರಹಾಕಲು ಅದರ ಮೂತ್ರಪಿಂಡಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮನೆಯವರ ಸಾರಿಗೂ ಇದೇ ರಸ ಬೇಕಾದರೆ, ಮಗುವಿನ ಪಾಲನ್ನು ಮೊದಲು ಬೇರೆ ತೆಗೆದಿಟ್ಟು ಉಳಿದುದಕ್ಕೆ ಉಪ್ಪು, ಖಾರ, ಮಸಾಲೆ ಹಾಕಿಕೊಳ್ಳಿ. ದೊಡ್ಡವರ ಸಾರಿಗೆ ನೀರು ಬೆರೆಸಿ ಮಗುವಿಗೆ ಕೊಡುವ ರೂಢಿಯನ್ನು ಬಿಡಬೇಕು. ಸೂಪು ಕ್ಯೂಬಿನ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಅವುಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಉಪ್ಪೇ ಇರುತ್ತದೆ. ಹತ್ತು ಗ್ರಾಮಿನ ಒಂದು ಕ್ಯೂಬು ಎಂದರೆ ನಿಮ್ಮ ಮಗಳ ನಾಲ್ಕು ದಿನದ ಮಿತಿಗಿಂತ ಹೆಚ್ಚಿನ ಉಪ್ಪು. ಪೊಟ್ಟಣದ ಮೇಲೆ ಬರೆದಿರುವ ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ, ನೀವೇ ಲೆಕ್ಕ ಹಾಕಿ ನೋಡಬಹುದು.

ನಾಟಿಯೋ ಫಾರಮೋ ಎಂಬ ಚರ್ಚೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾಟಿ ಕೋಳಿ ಹೆಚ್ಚು ದಿನ ಓಡಾಡಿ ಬೆಳೆದಿರುವುದರಿಂದ ಅದರ ರುಚಿ ಗಾಢ, ಕೊಲಾಜೆನ್ ಹೆಚ್ಚು, ಕೊಬ್ಬು ಕಡಿಮೆ. ಪ್ರೋಟೀನಿನಲ್ಲಿ ದೊಡ್ಡ ಅಂತರವಿಲ್ಲ. ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಆದರೆ ಆ ಕೋಳಿ ಆರು ವಾರಗಳಲ್ಲಿ ಬೆಳೆಯುವುದು ತಳಿಯ ಆಯ್ಕೆ ಮತ್ತು ಮೇವಿನಿಂದ. ಪ್ರತಿಜೈವಿಕ ಔಷಧಗಳ ದುರ್ಬಳಕೆಯ ಕುರಿತ ಆತಂಕ ಮಾತ್ರ ಆಧಾರವಿಲ್ಲದ್ದಲ್ಲ. ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿತು. ನಿಮ್ಮ ಹಿತ್ತಲಲ್ಲೇ ನಾಟಿ ಕೋಳಿಯೋ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ತಳಿಯೋ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಹೆಚ್ಚು ಹಣ ತೆತ್ತು ತರಬೇಕಾದ ಅಗತ್ಯವಿಲ್ಲ. ಆ ಹಣಕ್ಕೆ ವಾರವಿಡೀ ಮೊಟ್ಟೆ ಬರುತ್ತದೆ.

ರಸ ಸೋಸಿದ ಮೇಲಿನ ಎರಡು ಗಂಟೆಗಳು ಅಡುಗೆಗಿಂತಲೂ ಮುಖ್ಯ. ರಾತ್ರಿ ಮಾಡಿದ ಸಾರನ್ನು ಒಲೆಯ ಮೇಲೆಯೇ ಬಿಟ್ಟು ಬೆಳಿಗ್ಗೆ ಮತ್ತೆ ಕುದಿಸುವುದು ನಮ್ಮಲ್ಲಿ ಎಲ್ಲರ ಮನೆಯ ಅಭ್ಯಾಸ. ಮಗುವಿನ ರಸಕ್ಕೆ ಅದು ಸಲ್ಲದು. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿದು, ರಸ ಉಗುರುಬೆಚ್ಚಗಾದಾಗ ಮೊಳೆತು ಬೇಗಬೇಗ ವೃದ್ಧಿಯಾಗುತ್ತವೆ. ಪ್ರೋಟೀನು ತುಂಬಿದ ಉಪ್ಪಿಲ್ಲದ ಬೆಚ್ಚಗಿನ ರಸಕ್ಕಿಂತ ಒಳ್ಳೆಯ ನೆಲೆ ಅವುಗಳಿಗೆ ಬೇರೆ ಸಿಗಲಾರದು. ಬೆಳಿಗ್ಗೆ ಕುದಿಸಿದಾಗ ಬ್ಯಾಕ್ಟೀರಿಯಾ ಸತ್ತರೂ ಅವುಗಳಲ್ಲಿ ಕೆಲವು ರಾತ್ರಿಯೆಲ್ಲ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ದೊಡ್ಡವರು ತಡೆದುಕೊಳ್ಳುವ ವಾಂತಿ-ಭೇದಿ ಏಳೂವರೆ ಕಿಲೋ ತೂಕದ ಮಗುವನ್ನು ಒಂದೇ ದಿನದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಂತೆ ಮಾಡಬಲ್ಲದು.

ಆದುದರಿಂದ ಸೋಸಿದ ರಸವನ್ನು ಆಳವಾದ ಪಾತ್ರೆಯಲ್ಲಿ ಇಡದೆ ಎರಡು ಅಗಲ ಬಟ್ಟಲುಗಳಿಗೆ ಹಂಚಿ, ಆ ಬಟ್ಟಲುಗಳನ್ನು ತಣ್ಣೀರು ತುಂಬಿದ ಪರಾತದಲ್ಲಿ ಕೂರಿಸಿ, ನೀರು ಬೆಚ್ಚಗಾದಂತೆ ಎರಡು ಮೂರು ಸಲ ಬದಲಿಸಿ, ನಡುನಡುವೆ ಸ್ವಚ್ಛವಾದ ಚಮಚದಿಂದ ಕಲಕಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ರಸ ಆರುತ್ತದೆ. ಎರಡು ಗಂಟೆಯೊಳಗೆ, ಬೇಸಿಗೆಯ ಬಿಸಿಲಿನ ದಿನಗಳಲ್ಲಿ ಒಂದೇ ಗಂಟೆಯೊಳಗೆ, ಅದು ಫ್ರಿಜ್ಜಿನಲ್ಲಿರಬೇಕು. ಮರುದಿನ ಮೇಲೆ ಹೆಪ್ಪುಗಟ್ಟುವ ಕೊಬ್ಬನ್ನು ಪೂರ್ತಿ ತೆಗೆಯಬೇಕೆಂದು ಕೆಲವರು ಹೇಳುತ್ತಾರೆ. ದಪ್ಪ ಪದರವಿದ್ದರೆ ಅರ್ಧ ತೆಗೆಯಿರಿ, ಉಳಿದುದು ಇರಲಿ. ಈ ವಯಸ್ಸಿನಲ್ಲಿ ಕೊಬ್ಬು ಮಗುವಿನ ಮಿದುಳಿಗೂ ತೂಕಕ್ಕೂ ಬೇಕಾದದ್ದು.

ಫ್ರಿಜ್ಜಿನ ಕೆಳಭಾಗದಲ್ಲಿ ರಸವನ್ನೂ ಬಿಡಿಸಿದ ಮಾಂಸವನ್ನೂ ಮುಚ್ಚಿಟ್ಟು ಎರಡು ದಿನ ಬಳಸಬಹುದು. ಅದಕ್ಕಿಂತ ಹೆಚ್ಚಿನದನ್ನು ಮಾಡಿದ ದಿನವೇ ಫ್ರೀಜರಿಗೆ ಹಾಕಿ, ಎರಡನೆಯ ದಿನ ಉಳಿದದ್ದನ್ನು ತುಂಬಿಸಿ ಇಡಬೇಡಿ. ಐಸ್ ಟ್ರೇಯ ಒಂದು ಗುಳಿ ಸಾಮಾನ್ಯವಾಗಿ 15ರಿಂದ 20 ಮಿ.ಲೀ. ಹಿಡಿಯುವುದರಿಂದ ಗೆಳತಿ ಹೇಳಿದ ಉಪಾಯ ಮಗುವಿನ ಅಳತೆಗೆ ಹೇಳಿಮಾಡಿಸಿದಂತಿದೆ. ಗಟ್ಟಿಯಾದ ತುಂಡುಗಳನ್ನು ಶುದ್ಧವಾದ ಡಬ್ಬಿಗೆ ಹಾಕಿ, ದಿನಾಂಕ ಬರೆದಿಟ್ಟು, ಒಂದು ತಿಂಗಳೊಳಗೆ ಮುಗಿಸಿ. ಮಾಂಸವನ್ನೂ ಸ್ವಲ್ಪ ರಸದೊಡನೆ ಮಿಕ್ಸಿಯಲ್ಲಿ ತಿರುವಿ ಇನ್ನೊಂದು ಟ್ರೇಯಲ್ಲಿ ಹಾಗೆಯೇ ಇಡಬಹುದು. ವಾರದಲ್ಲಿ ಕೆಲವು ದಿನ ಮನೆಯಲ್ಲಿ ಮಾಂಸ ಬೇಯಿಸದ ಪದ್ಧತಿ ಇದ್ದರೆ ಆ ದಿನಗಳಲ್ಲಿ ಹೆಸರುಬೇಳೆಯ ಅನ್ನಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ ಕೊಡಿ, ಬೇಳೆಯ ಕಬ್ಬಿಣವನ್ನು ಹೀರಿಕೊಳ್ಳಲು ಅದು ನೆರವಾಗುತ್ತದೆ.

ಕರೆಂಟು ಹೋಗುವ ಊರಿನಲ್ಲಿ ಫ್ರೀಜರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು ಸಣ್ಣ ಬಟ್ಟಲಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಅದು ಮಂಜುಗಡ್ಡೆಯಾದ ಮೇಲೆ ಮೇಲೊಂದು ನಾಣ್ಯ ಇಟ್ಟಿರಿ. ನಾಣ್ಯ ಮೇಲೆಯೇ ಇದ್ದರೆ ತೊಂದರೆಯಿಲ್ಲ. ಮುಳುಗಿ ಮತ್ತೆ ಹೆಪ್ಪುಗಟ್ಟಿದ್ದರೆ, ನೀವು ಮಲಗಿದ್ದಾಗಲೋ ಊರಿನಲ್ಲಿ ಇಲ್ಲದಾಗಲೋ ಒಳಗಿನದೆಲ್ಲ ಕರಗಿತ್ತೆಂದು ತಿಳಿಯಿರಿ, ಆಗ ಮಗುವಿನ ರಸವನ್ನು ಚೆಲ್ಲಿಬಿಡಿ. ಕರೆಂಟು ದಿನದಲ್ಲಿ ಬಹಳ ಹೊತ್ತು ಹೋಗುವ ಕಾಲದಲ್ಲಿ ಕೂಡಿಡುವ ಯೋಚನೆಯನ್ನೇ ಕೈಬಿಟ್ಟು, ಮನೆಯಲ್ಲಿ ಕೋಳಿ ಮಾಡಿದ ದಿನ ನಾಲ್ಕು ತುಂಡನ್ನು ಬೇರೆ ಬೇಯಿಸಿ ಅಂದೇ ಕೊಟ್ಟು ಮುಗಿಸುವುದು ಮೇಲು.

ಬಳಸುವಾಗ ತುಂಡುಗಳನ್ನು ಕರಗಲು ಹೊರಗಿಡದೆ ನೇರವಾಗಿ ಪಾತ್ರೆಗೆ ಹಾಕಿ, ಚೆನ್ನಾಗಿ ಕುದಿ ಬರಿಸಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರೀಜರಿಗೆ ಇಡಬಾರದು, ಮಗು ಉಳಿಸಿದ ಬಟ್ಟಲಿನದು ಎಂಜಲು ಬೆರೆತಿರುವುದರಿಂದ ಮುಂದಿನ ಹೊತ್ತಿಗೆ ಇಡಬಾರದು. ರಾಗಿ ಸರಿಗಾದರೆ ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಎರಡು ಮೂರು ತುಂಡು ರಸ ಸೇರಿಸಿ ಕಾಯಿಸಿ, ಹಿಟ್ಟು ಬೆಂದ ಮೇಲೆ ಒಂದು ದೊಡ್ಡ ಚಮಚ ನುಣ್ಣಗಿನ ಮಾಂಸ, ಒಂದು ಟೀ ಚಮಚ ತುಪ್ಪ ಬೆರೆಸಿ. ಸರಿ ಚಮಚದಿಂದ ಸುರಿಯಬಾರದು, ಅಂಟಿಕೊಂಡು ನಿಧಾನವಾಗಿ ಜಾರಬೇಕು. ಆ ಹದ ಬಂದಿದ್ದರೆ ಮಗುವಿನ ಹೊಟ್ಟೆ ನೀರಿನಿಂದ ತುಂಬುತ್ತಿಲ್ಲವೆಂದು ನಿಶ್ಚಿಂತೆಯಿಂದ ಇರಬಹುದು. ಅಕ್ಕಿ ತರಿ ಮತ್ತು ಹೆಸರುಬೇಳೆಯ ಮೆತ್ತನೆಯ ಅನ್ನವನ್ನೂ ಕುಂಬಳಕಾಯಿ, ಕ್ಯಾರೆಟ್ಟುಗಳನ್ನೂ ಹೀಗೆಯೇ ಬೇಯಿಸಬಹುದು. 250 ಮಿ.ಲೀ. ಬಟ್ಟಲಿನಲ್ಲಿ ಅರ್ಧದಷ್ಟು, ದಿನಕ್ಕೆ ಮೂರು ನಾಲ್ಕು ಸಲ, ಇದು ಅವಳ ವಯಸ್ಸಿಗೆ ಸಾಕು. ಇನ್ನೂ ಎಲ್ಲವನ್ನೂ ಮಿಕ್ಸಿಗೆ ಹಾಕುತ್ತಿದ್ದರೆ ನಿಧಾನವಾಗಿ ಕಡಿಮೆ ಮಾಡಿ, ಮಾಂಸವನ್ನು ಬಹಳ ಸಣ್ಣಗೆ ಕೊಚ್ಚಿ ಅನ್ನದಲ್ಲಿ ಕಿವುಚಿ ಕೊಡಿ. ಅಗಿಯುವುದನ್ನು ಕಲಿಯುವ ಕಾಲವಿದು.

ಲಿವರನ್ನು ಎಸೆಯಬೇಡಿ. 100 ಗ್ರಾಂ ಕೋಳಿ ಲಿವರಿನಲ್ಲಿ ಸುಮಾರು 9 ಮಿ.ಗ್ರಾಂ ಕಬ್ಬಿಣವಿದೆ, ಬೇರೆ ಮಾಂಸದಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೆ ವಿಟಮಿನ್ ಎ ಕೂಡ ಅದರಲ್ಲಿ ಬಹಳ ಹೆಚ್ಚಾಗಿರುವುದರಿಂದ, ವಾರಕ್ಕೆ ಒಂದೇ ಸಲ, ಒಂದು ದೊಡ್ಡ ಚಮಚದಷ್ಟು ಮಾತ್ರ ಕೊಡಿ. ಅದನ್ನು ರಸದ ಜೊತೆ ಬೇಯಿಸಿದರೆ ರಸ ಕಹಿಯಾಗುತ್ತದೆ, ಬೇರೆಯಾಗಿ ಎಂಟು ಹತ್ತು ನಿಮಿಷ, ಒಳಗೆ ಕೆಂಪು ಉಳಿಯದಂತೆ ಬೇಯಿಸಿ. ಕೋಳಿಯನ್ನು ಮೊದಲ ಸಲ ಕೊಡುತ್ತಿದ್ದರೆ ಬೆಳಗಿನ ಹೊತ್ತು ಒಂದೆರಡು ಚಮಚ ಕೊಟ್ಟು ನೋಡಿ. ಅಲರ್ಜಿ ಅಪರೂಪ, ಆದರೂ ಮೈಮೇಲೆ ದದ್ದು, ತುಟಿಯ ಊತ ಅಥವಾ ಮತ್ತೆಮತ್ತೆ ವಾಂತಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಭೇದಿಯಾದಾಗ ಕೋಳಿ ಸೂಪು ಕುಡಿಸಿದರೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದೇಹ ಕಳೆದುಕೊಂಡ ನೀರು ಮತ್ತು ಲವಣವನ್ನು ಸರಿಯಾದ ಅಳತೆಯಲ್ಲಿ ತುಂಬಿಕೊಡುವುದು ಓಆರ್‌ಎಸ್ ಮಾತ್ರ. ಅದರೊಂದಿಗೆ ಎದೆಹಾಲು ನಿಲ್ಲಬಾರದು, ಸತುವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಕೊಡಬೇಕು.

ನಿಮ್ಮ ಮಗಳ ತೂಕ ಈ ವಯಸ್ಸಿನ ಹೆಣ್ಣುಮಕ್ಕಳ ಸರಾಸರಿಗಿಂತ ಕೊಂಚ ಕಡಿಮೆಯಿದ್ದರೂ ಆರೋಗ್ಯದ ಮಿತಿಯೊಳಗೇ ಇದೆ, ಹೆದರುವಂಥದ್ದೇನಿಲ್ಲ. ಅಂಗನವಾಡಿಯಲ್ಲಿ ಪ್ರತಿ ತಿಂಗಳೂ ತೂಗಿಸಿ, ತಾಯಿ ಕಾರ್ಡಿನ ಗೆರೆ ಮೇಲಕ್ಕೆ ಹೋಗುತ್ತಿದೆಯೇ ಎಂದು ನೋಡುತ್ತಿರಿ. ಎರಡು ತಿಂಗಳು ಒಂದೇ ಕಡೆ ನಿಂತರೆ ಮಕ್ಕಳ ವೈದ್ಯರನ್ನು ಕಾಣಿ. ಆರು ತಿಂಗಳು ತುಂಬಿದ ಮಕ್ಕಳಿಗೆ ಸರ್ಕಾರದ ವತಿಯಿಂದ ವಾರಕ್ಕೆ ಎರಡು ಸಲ, ಒಂದೊಂದು ಮಿ.ಲೀ.ನಂತೆ ಕೊಡುವ ಕಬ್ಬಿಣದ ಸಿರಪ್ಪನ್ನು ನೀವು ಇನ್ನೂ ಆರಂಭಿಸಿಲ್ಲವಾದರೆ, ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆದುಕೊಳ್ಳಿ.